ನಾಲ್ಕು ಊರು, ಒಂದೇ ಅಳತೆಗೋಲು

ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರ ತನ್ನ ವರದಿಯಲ್ಲಿ ರಾಜ್ಯದ ಅಂದಿನ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ತೂಗಿ, 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳು ಆ ಪಟ್ಟಿಯಲ್ಲಿದ್ದವು. ಅದು ಅನ್ಯರು ಮಾಡಿದ ಅಳತೆ. ಈ ನಾಲ್ಕು ಊರುಗಳ ಪೌರಾಡಳಿತಗಳು ತಾವೇ ಕೂಡಿ ಕುಳಿತು ತಮ್ಮ ಸೇವೆಯನ್ನು ಏಕೆ ಅಳೆದುಕೊಳ್ಳಬಾರದು?

ಸಾಧನವಂತೂ ಸಿದ್ಧವಿದೆ. ಕೇಂದ್ರ ನಗರಾಭಿವೃದ್ಧಿ ಸಚಿವಾಲಯವು 2008ರಲ್ಲಿ ನೀರು ಪೂರೈಕೆ, ಒಳಚರಂಡಿ, ಘನತ್ಯಾಜ್ಯ ಮತ್ತು ಮಳೆನೀರು ಚರಂಡಿಗಳಿಗಾಗಿ 28 ಸೂಚಕಗಳ ಸೇವಾಮಟ್ಟದ ಮಾನದಂಡಗಳನ್ನು ಹೊರತಂದಿತು. ತಲಾ ದಿನಕ್ಕೆ 135 ಲೀಟರ್ ನೀರು ಅದರ ಗುರಿ. ಆದಾಯ ತಾರದೆ ಹೋಗುವ ನೀರು ಶೇ. 20ನ್ನು ಮೀರಬಾರದು. 13ನೇ ಹಣಕಾಸು ಆಯೋಗವು ಈ ನಾಲ್ಕು ಸೇವೆಗಳ ಮಟ್ಟವನ್ನು ಅಧಿಸೂಚಿಸುವುದನ್ನು ಕಾರ್ಯಸಾಧನಾ ಅನುದಾನದ ಷರತ್ತುಗಳಲ್ಲಿ ಸೇರಿಸಿತು.

ತೊಡಕಿರುವುದು ಅಳೆಯುವ ರೀತಿಯಲ್ಲಿ. ಒಂದು ಊರು ಜಾಕ್‌ವೆಲ್‌ನಿಂದ ಎತ್ತಿದ ನೀರನ್ನು ಜನಸಂಖ್ಯೆಯಿಂದ ಭಾಗಿಸಿ, ಇನ್ನೊಂದು ಊರು ನಲ್ಲಿಗೆ ಮುಟ್ಟಿದ ನೀರನ್ನಷ್ಟೇ ಲೆಕ್ಕ ಹಿಡಿದರೆ, ಪ್ರಾಮಾಣಿಕ ಊರೇ ಹಿಂದೆ ಬಿದ್ದಂತೆ ಕಾಣುವುದು! ಆದುದರಿಂದಲೇ ಮಾನದಂಡದಲ್ಲಿ ಪ್ರತಿ ಅಂಕಿಯೊಡನೆ ಅದರ ವಿಶ್ವಾಸಾರ್ಹತೆಯ ದರ್ಜೆಯನ್ನೂ ‘ಎ’ಯಿಂದ ‘ಡಿ’ವರೆಗೆ ನಮೂದಿಸುವ ವ್ಯವಸ್ಥೆಯಿದೆ. ಮೀಟರಿಲ್ಲದೆ ಅಂದಾಜಿಗೆ ಬರೆದ ಅಂಕಿಗೆ ಕೆಳದರ್ಜೆಯೇ ಗತಿ. ನಮ್ಮ ಅಭಿಪ್ರಾಯದಲ್ಲಿ ನಾಲ್ಕು ಊರುಗಳು ಮೊದಲು ಹೋಲಿಸಿಕೊಳ್ಳಬೇಕಾದುದು ಈ ದರ್ಜೆಯನ್ನೇ. ನೀರಿನ ಮೂಲದ ದೂರ ಊರಿಂದೂರಿಗೆ ಬೇರೆ. ವೆಚ್ಚದ ಹೋಲಿಕೆಯಲ್ಲಿ ಅದನ್ನೂ ಗಮನಿಸಬೇಕು.

ವರ್ತಕರಿಗೆ ಇದು ದೂರದ ಮಾತಲ್ಲ. ನಲ್ಲಿ ಬಾರದ ದಿನ ಖಾನಾವಳಿಯವರು ಟ್ಯಾಂಕರಿಗೂ ಹಣ ತೆರಬೇಕು, ನೀರಿನ ಕರವನ್ನೂ ಕಟ್ಟಬೇಕು. ಮುಂದಿನ ಆಯವ್ಯಯ ಪೂರ್ವಭಾವಿ ಸಭೆಗೆ ಹೋಗುವ ಸದಸ್ಯರು ನಾಲ್ಕೂ ಊರುಗಳ ನೀರಿನ ಲೆಕ್ಕವನ್ನು ಒಂದೇ ನಮೂನೆಯಲ್ಲಿ ಕೇಳಲಿ.