ಒಂದೇ ಚುಕ್ಕೆ, ಎರಡು ನಕ್ಷತ್ರ

ರಾಜಹಂಸ ನಕ್ಷತ್ರಪುಂಜದಲ್ಲಿ ಎಸ್‌ಎಸ್ ಸಿಗ್ನಿ ಎಂಬ ತಾರೆಯೊಂದಿದೆ. ಸಾಮಾನ್ಯವಾಗಿ ಅದರ ಕಾಂತಿಮಾನ ಸುಮಾರು 12. ಬರಿಗಣ್ಣಿಗೆ ಅದು ಗೋಚರಿಸದು. ಆದರೆ ಸುಮಾರು ಏಳು ವಾರಗಳಿಗೊಮ್ಮೆ ಅದು ಥಟ್ಟನೆ 30 ಪಟ್ಟು ಪ್ರಕಾಶಮಾನವಾಗಿ, ಕೆಲವು ದಿನಗಳ ತರುವಾಯ ಮತ್ತೆ ಮಂಕಾಗುತ್ತದೆ. 1896ರಲ್ಲಿ ಹಾರ್ವರ್ಡ್ ವೀಕ್ಷಣಾಲಯದ ಲೂಯಿಸಾ ವೆಲ್ಸ್ ಇದನ್ನು ಗುರುತಿಸಿದರು. ಈ ಏರಿಳಿತಕ್ಕೆ ಕಾರಣವೇನು?

ಎಂಥ ದೊಡ್ಡ ದೂರದರ್ಶಕದಲ್ಲಿ ನೋಡಿದರೂ ನಮಗೆ ಕಾಣುವುದು ಒಂದೇ ಚುಕ್ಕೆ. ಆದುದರಿಂದ ಅದರ ಬೆಳಕನ್ನು ರೋಹಿತದರ್ಶಕದಲ್ಲಿ ಹಾಯಿಸಿ, ಬಣ್ಣಗಳಾಗಿ ಹರಡಿ ಪರೀಕ್ಷಿಸೋಣ. ಸೂರ್ಯನಿಗಿಂತ ತಂಪಾದ ನಕ್ಷತ್ರಕ್ಕೆ ಸಲ್ಲುವ ಕಪ್ಪು ಗೆರೆಗಳು ಅಲ್ಲಿವೆ. ಜೊತೆಗೆ ಬಿಸಿ ಅನಿಲದಿಂದ ಹೊರಡುವ ಜಲಜನಕದ ಅಗಲವಾದ ಉಜ್ಜ್ವಲ ರೇಖೆಗಳೂ ಇವೆ. ಇಲ್ಲಿರುವುದು ಎರಡು ಕಾಯಗಳೇ ಎಂಬ ಸಂಶಯ ಏಳುತ್ತದೆ. ಆದರೆ ಸಂಶಯವು ಪ್ರಮಾಣವಲ್ಲ.

ಪ್ರಮಾಣವನ್ನು ಒದಗಿಸುವುದು ಡಾಪ್ಲರ್ ಪರಿಣಾಮ. ನಮ್ಮತ್ತ ಬರುವ ಕಾಯದ ರೇಖೆಗಳು ನೀಲಿಯ ಕಡೆಗೂ ದೂರ ಸರಿಯುವ ಕಾಯದವು ಕೆಂಪಿನ ಕಡೆಗೂ ಜರುಗುತ್ತವೆ. ಮೌಂಟ್ ವಿಲ್ಸನ್ ವೀಕ್ಷಣಾಲಯದ ಆಲ್ಫ್ರೆಡ್ ಜಾಯ್ ಈ ರೇಖೆಗಳನ್ನು ಅಳೆದು 1956ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕಪ್ಪು ಗೆರೆಗಳು ಒಂದು ಕಡೆಗೆ ಸರಿದಾಗ ಉಜ್ಜ್ವಲ ರೇಖೆಗಳು ಇನ್ನೊಂದು ಕಡೆಗೆ ಸರಿಯುತ್ತಿದ್ದವು. ಸುಮಾರು 6.6 ಗಂಟೆಗಳಿಗೊಮ್ಮೆ ಈ ಓಲಾಟ ಮರುಕಳಿಸುತ್ತಿತ್ತು. ಅಂದರೆ ಎರಡು ಕಾಯಗಳು ಒಂದನ್ನೊಂದು ಸುತ್ತುತ್ತಿವೆ! ಅವುಗಳ ನಡುವಣ ಅಂತರ ಸುಮಾರು 14 ಲಕ್ಷ ಕಿಲೋಮೀಟರು. ಹೆಚ್ಚುಕಡಿಮೆ ಸೂರ್ಯನ ವ್ಯಾಸದಷ್ಟೇ. ಇಂಥ ಕಡೆ ರೋಹಿತವನ್ನು ಬಹಳ ಹೊತ್ತು ಚಿತ್ರಿಸುತ್ತ ಕುಳಿತರೆ ಚಲಿಸುವ ರೇಖೆಗಳು ಕಲಸಿಹೋಗುತ್ತವೆ. ಬೇಗ ಮುಗಿಸಿದರೆ ಮಂದ ತಾರೆಯ ಬೆಳಕು ಸಾಲದು. ದೊಡ್ಡ ದೂರದರ್ಶಕ ಬೇಕಾಗುವುದು ಇದಕ್ಕಾಗಿಯೇ.

ಜೋಡಿಯಲ್ಲೊಂದು ಶ್ವೇತಕುಬ್ಜ: ಗಾತ್ರದಲ್ಲಿ ಭೂಮಿಯಷ್ಟು, ದ್ರವ್ಯದಲ್ಲಿ ಸೂರ್ಯನಿಗೆ ಸಮೀಪ. ಅದರ ಸೆಳೆತಕ್ಕೆ ಸಿಕ್ಕಿ ಸಂಗಾತಿಯ ಅನಿಲ ಹರಿದು ಬರುತ್ತದೆ. ಆದರೆ ಪರಿಭ್ರಮಣದ ವೇಗವಿರುವುದರಿಂದ ಅದು ನೇರವಾಗಿ ಬೀಳದೆ, ಸುತ್ತಲೂ ತಟ್ಟೆಯಾಗಿ ಹರಡಿಕೊಳ್ಳುತ್ತದೆ. ತಟ್ಟೆಯ ಒಂದು ಅಂಚು ನಮ್ಮತ್ತ, ಮತ್ತೊಂದು ಅಂಚು ನಮ್ಮಿಂದಾಚೆಗೆ ಧಾವಿಸುವುದರಿಂದ ಉಜ್ಜ್ವಲ ರೇಖೆಗಳು ಅಗಲವಾಗುತ್ತವೆ. ಪಕ್ಕದಿಂದ ಕಾಣುವ ತಟ್ಟೆಗಳಲ್ಲಿ ಒಂದೇ ರೇಖೆಗೆ ಎರಡು ಶಿಖರಗಳು ಮೂಡುತ್ತವೆ. ತಟ್ಟೆಯಲ್ಲಿ ಅನಿಲ ಶೇಖರವಾಗಿ ಮಿತಿಮೀರಿ ಕಾದಾಗ ಅದು ವೇಗವಾಗಿ ಒಳಕ್ಕೆ ಸುರಿಯತೊಡಗುತ್ತದೆ. ಆಗಲೇ ತಾರೆ ಭುಗಿಲೆನ್ನುತ್ತದೆ.

ಇದು ಒಂದು ತಾರೆಯ ವೈಚಿತ್ರ್ಯವಲ್ಲ. ಇದೇ ವರ್ಗದ ಇತರ ತಾರೆಗಳೂ ಹೀಗೆಯೇ ಜೋಡಿಗಳೆಂದು ರಾಬರ್ಟ್ ಕ್ರಾಫ್ಟ್ 1962ರಲ್ಲಿ ತೋರಿಸಿದರು. ದೂರದರ್ಶಕವು ಬೇರ್ಪಡಿಸಲಾರದ ಜೋಡಿಯನ್ನು ಬೇರ್ಪಡಿಸಿದ್ದು, ಅತ್ತಿತ್ತ ಓಲಾಡುವ ಕೆಲವು ಗೆರೆಗಳು.