ಲೇಸರ್‌ಗೂ ಬಗ್ಗದ ಚಾಳೀಸು

ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿರುವ ನನ್ನ ಭಾವಮೈದ ಮೂವತ್ತೈದನೇ ವಯಸ್ಸಿಗೆ ಲೇಸಿಕ್ ಮಾಡಿಸಿಕೊಂಡು ಕನ್ನಡಕ ಕಿತ್ತೆಸೆದವನು. ಐದನೇ ಕ್ಲಾಸಿನಿಂದ ಮೂಗಿನ ಮೇಲೆ ಕೂತಿದ್ದು, ಬೆಳೆದೂ ಬೆಳೆದೂ ಮೈನಸ್ ಐದು ಮುಟ್ಟಿತ್ತು. ಹನ್ನೆರಡು ವರ್ಷದ ಮೇಲೆ, ಅಲ್ಲಿನ ಮಲ್ಲಿಗೆ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ವಂದನಾರ್ಪಣೆಗೆ ನಿಂತವನು ಕೈಯಲ್ಲಿದ್ದ ಚೀಟಿಯನ್ನು ಮೊದಲು ಎದೆಯ ಹತ್ತಿರ ಹಿಡಿದ, ಆಮೇಲೆ ಹೊಟ್ಟೆಯ ಹತ್ತಿರ, ಕೊನೆಗೆ ಕೈ ಪೂರ್ತಿ ಚಾಚಿ ಓದಿದ. ಮುಂದಿನ ಸಾಲಿನಲ್ಲಿದ್ದ ಅತ್ತೆ, ‘ಚಾಳೀಸು ಬಂತಲ್ಲೋ ನಿಂಗೆ!’ ಎಂದರು. ಕೆಳಗಿಳಿದು ಬಂದವನು ಕೇಳಿದ್ದು ನನ್ನನ್ನು: ‘ಅಷ್ಟು ಡಾಲರ್ ಸುರಿದಿದ್ದು ದಂಡವಾಯ್ತಾ ಭಾವ?’

ದಂಡವಾಗಿಲ್ಲ. ಲೇಸಿಕ್ ಮುಟ್ಟುವ ಜಾಗ ಒಂದು, ಚಾಳೀಸು ಹುಟ್ಟುವ ಜಾಗ ಇನ್ನೊಂದು.

ಕಣ್ಣಿನ ಕರಿಗುಡ್ಡೆಯ ಮೇಲೆ ಗಡಿಯಾರದ ಗಾಜಿನಂತೆ ಕೂತಿರುವುದು ಕಾರ್ನಿಯಾ. ನಡುವಿನಲ್ಲಿ ಅದರ ದಪ್ಪ ಅರ್ಧ ಮಿಲಿಮೀಟರಿಗಿಂತ ಚೂರು ಹೆಚ್ಚು, ಅಷ್ಟೇ. ದೂರದ್ದು ಮಸುಕಾಗುವವರ ಕಣ್ಣುಗುಡ್ಡೆ ಸಾಮಾನ್ಯವಾಗಿ ತುಸು ಉದ್ದ. ಬೆಳಕು ಹಿಂದಿನ ಪರದೆ ಮುಟ್ಟುವ ಮೊದಲೇ ಕೂಡಿಬಿಡುತ್ತದೆ. ಲೇಸಿಕ್‌ನಲ್ಲಿ ಕಾರ್ನಿಯಾದ ಮೇಲಿನ ತೆಳು ಪದರವನ್ನು ಪುಸ್ತಕದ ರಟ್ಟಿನಂತೆ ಮಗುಚಿ, ಒಳಭಾಗವನ್ನು ಲೇಸರ್‌ನಿಂದ ಸವೆಸಿ, ರಟ್ಟನ್ನು ಮತ್ತೆ ಮುಚ್ಚುತ್ತಾರೆ. ಹೊಲಿಗೆಯಿಲ್ಲ. ಚಾಳೀಸಿನ ಬೇರು ಇದಕ್ಕೂ ಹಿಂದೆ, ಪಾಪೆಯ ಆಚೆಗಿರುವ ಮಸೂರದಲ್ಲಿ. ಎಳೆಯ ವಯಸ್ಸಿನಲ್ಲಿ ಅದು ಹತ್ತಿರದ್ದನ್ನು ನೋಡುವಾಗ ಉಬ್ಬುತ್ತದೆ. ವರ್ಷ ಕಳೆದಂತೆ ಗಡುಸಾಗಿ, ನಲವತ್ತರ ಹೊತ್ತಿಗೆ ಸೂಜಿಗೆ ದಾರ ಪೋಣಿಸಲು ಬಿಡುವುದಿಲ್ಲ. ಒಂದು ಕಣ್ಣನ್ನು ದೂರಕ್ಕೂ ಇನ್ನೊಂದನ್ನು ಹತ್ತಿರಕ್ಕೂ ಹೊಂದಿಸುವ ಉಪಾಯವುಂಟು, ಆದರೆ ಎಲ್ಲರ ತಲೆಗೂ ಅದು ಒಗ್ಗುವುದಿಲ್ಲ. ಮೊದಲು ಕಾಂಟ್ಯಾಕ್ಟ್ ಲೆನ್ಸ್‌ನಲ್ಲಿ ಪರೀಕ್ಷಿಸಿ ನೋಡುವುದು ಜಾಣತನ.

ಈ ಲೇಸರ್‌ನ ಕಥೆಗೂ ನಮ್ಮ ಕಡೆಯ ನಂಟಿದೆ. ಮದರಾಸಿನಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್ ನ್ಯೂಯಾರ್ಕ್ ರಾಜ್ಯದ ಐಬಿಎಂ ಪ್ರಯೋಗಾಲಯದಲ್ಲಿದ್ದರು. 1981ರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ, ಊಟದಲ್ಲಿ ಉಳಿದ ಟರ್ಕಿ ಕೋಳಿಯ ಚೂರನ್ನು ಲ್ಯಾಬಿಗೆ ಒಯ್ದು ಎಕ್ಸೈಮರ್ ಲೇಸರ್‌ಗೆ ಹಿಡಿದರು. ಸುತ್ತ ಎಲ್ಲೂ ಸುಡದೆ, ಅಚ್ಚುಕಟ್ಟಾಗಿ ಕೊರೆಯಿತು. ಸಹೋದ್ಯೋಗಿಗಳಾದ ಜೇಮ್ಸ್ ವಿನ್, ಸ್ಯಾಮ್ಯುಯೆಲ್ ಬ್ಲಮ್ ಜೊತೆ ಅವರು ಕಂಡುಕೊಂಡದ್ದನ್ನು ಕಣ್ಣಿನ ವೈದ್ಯ ಸ್ಟೀಫನ್ ಟ್ರೋಕೆಲ್ ಕಾರ್ನಿಯಾಕ್ಕೆ ತಂದರು. ತಂಗಳು ಇಷ್ಟು ದೂರ ಹೋದದ್ದು ಬೇರೆ ಕೇಳಿಲ್ಲ.

ಟೆಕ್ಸಾಸಿನ ಹೆದ್ದಾರಿಗಳಲ್ಲಿ ‘ಒಂದು ಕಣ್ಣಿಗೆ ಇಷ್ಟೇ’ ಎಂಬ ಬೋರ್ಡು ಕಂಡರೆ ಗಾಡಿ ತಿರುಗಿಸಬೇಡಿ. ವಿಮೆ ಸಾಮಾನ್ಯವಾಗಿ ಲೇಸಿಕ್‌ಗೆ ಕಾಸು ಕೊಡುವುದಿಲ್ಲ. ಅಂದಚೆಂದದ ಖರ್ಚು ಎಂದೇ ಅದರ ಲೆಕ್ಕ. ದುಡ್ಡಿಗಿಂತ ದೊಡ್ಡದು ಕಾರ್ನಿಯಾದ ನಕ್ಷೆ ತೆಗೆಯುವ ತಪಾಸಣೆ. ಆಸ್ಟಿನ್‌ನವರು ಇದನ್ನು ಇನ್ನಷ್ಟು ಗಮನಿಸಬೇಕು. ಡಿಸೆಂಬರಿನಿಂದ ಫೆಬ್ರವರಿವರೆಗೆ ಅಲ್ಲಿನ ಗುಡ್ಡಗಳ ಜೂನಿಪರ್ ಮರಗಳು ಹೊಗೆಯೆದ್ದಂತೆ ಪರಾಗ ಉದುರಿಸುತ್ತವೆ. ಊರಿಗೆ ಊರೇ ಸೀನುತ್ತಾ ಕಣ್ಣುಜ್ಜಿಕೊಳ್ಳುತ್ತದೆ. ‘ಸೀಡರ್ ಫೀವರ್’ ಎಂದು ಹೆಸರು. ಹೀಗೆ ವರ್ಷಗಟ್ಟಲೆ ಕಣ್ಣುಜ್ಜುವುದಕ್ಕೂ ಕಾರ್ನಿಯಾ ತೆಳುವಾಗಿ ಮೊನೆಯಾಗುವ ಕೆರಟೋಕೋನಸ್‌ಗೂ ಸಂಬಂಧವಿದೆ. ಅಂಥ ಕಣ್ಣಿಗೆ ಲೇಸಿಕ್ ಮಾಡಿದರೆ ಇದ್ದ ದೃಷ್ಟಿಯೂ ಕೆಡುತ್ತದೆ. ಅಲರ್ಜಿ ಮಾತ್ರೆ ಕಣ್ಣನ್ನು ಒಣಗಿಸುತ್ತದೆ, ಲೇಸಿಕ್ ಕೂಡ ಕೆಲವು ತಿಂಗಳು ಒಣಗಿಸುತ್ತದೆ. ಎರಡೂ ಒಟ್ಟಿಗೆ ಬೇಡ.

ಗಗನಯಾತ್ರಿಗಳ ಊರಾದ ಹ್ಯೂಸ್ಟನ್‌ನ ಕಥೆಯೇ ಬೇರೆ. ಗಗನಯಾತ್ರಿಗಳಾಗ ಬಯಸುವವರು ಲೇಸಿಕ್ ಮಾಡಿಸಿಕೊಂಡಿದ್ದರೂ ಸರಿ ಎಂದು ನಾಸಾ ಒಪ್ಪಿದ್ದು 2007ರಲ್ಲಿ. ಆದರೆ ತಿಂಗಳುಗಟ್ಟಲೆ ಮೇಲಿದ್ದರೆ ಕೆಲವರ ಕಣ್ಣುಗುಡ್ಡೆ ಹಿಂಬದಿಯಲ್ಲಿ ಚಪ್ಪಟೆಯಾಗಿ ಹತ್ತಿರದ್ದು ಮಸುಕಾಗುತ್ತದೆ. ಅದಕ್ಕೇ ನಲವತ್ತು ದಾಟಿದವರಿಗೆ ನಂಬರ್ ಹೆಚ್ಚಿಸಿದ ಕನ್ನಡಕವನ್ನು ಮುಂಚೆಯೇ ಕಟ್ಟಿ ಕಳಿಸುತ್ತಾರೆ. ಚಾಳೀಸು ಭೂಮಿ ಬಿಟ್ಟರೂ ಬಿಡದು!

ರಾಜ್ಯೋತ್ಸವದ ಆ ಸಲವೇ ಡಲ್ಲಾಸಿನಲ್ಲಿ ಅತ್ತೆಗೆ ಎದುರು ಬರುವ ಕಾರಿನ ದೀಪಗಳು ಚದುರಿ ಕಾಣತೊಡಗಿದ್ದವು. ಪೊರೆ. ನೋಡಲು ಬಂದವರ ಪ್ರವಾಸಿ ವಿಮೆ ಇದಕ್ಕೆ ಒದಗಲಿಲ್ಲ. ಆಪರೇಷನ್ ಬೆಂಗಳೂರಿನಲ್ಲೇ ಆಯಿತು. ಅವರ ತಂದೆಗೆ ಪೊರೆ ತೆಗೆದದ್ದು ಹಳೆಯ ಕಾಲದ ಶಿಬಿರವೊಂದರಲ್ಲಿ. ಬೀಳಗಿಯ ಡಾ. ಎಂ.ಸಿ. ಮೋದಿ ಊರೂರು ಸುತ್ತಿ, ಒಂದೇ ದಿನ 833 ಕಣ್ಣು ಆಪರೇಷನ್ ಮಾಡಿ ಗಿನ್ನೆಸ್ ಪುಸ್ತಕ ಸೇರಿದ ಕಾಲ. ಆಗ ಮಸೂರ ತೆಗೆಯುತ್ತಿದ್ದರು, ಬದಲಿಗೆ ಏನೂ ಇಡುತ್ತಿರಲಿಲ್ಲ. ಅಜ್ಜಂದಿರ ಮುಖದ ಮೇಲಿನ ಸೋಡಾಬುಡ್ಡಿ ಕನ್ನಡಕ ಆ ಖಾಲಿ ಜಾಗಕ್ಕೆ ಪರಿಹಾರ. ಈಗ ಒಳಗೇ ಕೃತಕ ಮಸೂರ ಕೂರಿಸುತ್ತಾರೆ. ಅವುಗಳ ದೊಡ್ಡ ತಯಾರಕರಲ್ಲೊಂದಾದ ಆಲ್ಕಾನ್ ಶುರುವಾದದ್ದು 1945ರಲ್ಲಿ, ಡಲ್ಲಾಸ್ ಮಗ್ಗುಲಿನ ಫೋರ್ಟ್‌ವರ್ತ್‌ನ ಪುಟ್ಟ ಔಷಧಿ ಅಂಗಡಿಯಾಗಿ. ಅಲೆಕ್ಸಾಂಡರ್, ಕಾನರ್ ಎಂಬ ಇಬ್ಬರ ಹೆಸರಿನ ಮೊದಲಕ್ಷರಗಳು ಸೇರಿ ಆಲ್ಕಾನ್.

ಅತ್ತೆ ಹಾಕಿಸಿಕೊಂಡದ್ದು ದೂರಕ್ಕೆ ಮಾತ್ರ ಹೊಂದುವ ಸಾದಾ ಮಸೂರ. ಓದಲು ಕನ್ನಡಕ ಬೇಕೇ ಬೇಕು. ಈ ಸಲ ಪ್ಲೇನೋಕ್ಕೆ ಬರುವಾಗ ಮಗನಿಗೆಂದು ಎರಡು ಚಾಳೀಸು ತಂದಿದ್ದರು. ಒಂದರ ನಂಬರ್ ಅವನಿಗೆ ಹೆಚ್ಚಾಯಿತೆಂದು ಅವರೇ ಹಾಕಿಕೊಂಡು ಓಡಾಡುತ್ತಿದ್ದಾರೆ.