ಮಾತು ಬಾರದ ಪೆಟ್ಟಿಗೆ

ಅಜ್ಜಂಪುರ ಸೀಮೆಯ ಅಂತರಘಟ್ಟೆ ಎಂದರೆ ಸುತ್ತಲಿನವರಿಗೆ ಮೊದಲು ನೆನಪಾಗುವುದು ದುರ್ಗಾಂಬೆಯ ಜಾತ್ರೆ, ಆ ಜಾತ್ರೆಗೆ ಊರೂರಿನಿಂದ ಕಟ್ಟಿಕೊಂಡು ಬರುವ ಎತ್ತಿನ ಗಾಡಿಗಳು. ಎರಡು ವರ್ಷದ ಹಿಂದೆ ನಾನು ಆ ಕಡೆ ಹೋದದ್ದೂ ಜಾತ್ರೆಯ ನೆಪದಲ್ಲೇ. ಆದರೆ ಗಾಡಿ ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಅಕ್ಕನ ಮನೆಯ ಮೇಜಿನ ಕೆಳಗೆ ಮಂಡಿಯೂರಿ ಕೂತಿದ್ದೆ.

ಅಕ್ಕನ ಮಗನಿಗೆ ಹುಟ್ಟಿನಿಂದ ದೃಷ್ಟಿ ಇಲ್ಲ. ಬಿ.ಎ. ಓದುತ್ತಿದ್ದ. ಆ ವರ್ಷ ಈರುಳ್ಳಿಗೆ ಪರವಾಗಿಲ್ಲ ಎನ್ನುವಂಥ ಬೆಲೆ ಸಿಕ್ಕಿದ್ದರಿಂದ ಭಾವ ಮನಸ್ಸು ಮಾಡಿ ಅವನಿಗೊಂದು ಕಂಪ್ಯೂಟರ್ ಕೊಡಿಸಿದ್ದರು. ಇಡಿಯಾಗಿ ಕೊಂಡದ್ದಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗಗಳನ್ನು ಕೊಂಡು, ರಟ್ಟಿನ ಡಬ್ಬಗಳನ್ನು ರೈಲಿನಲ್ಲಿ ಬೀರೂರಿನವರೆಗೆ ತಂದು, ಹುಡುಗನ ಸಹಪಾಠಿಯೊಬ್ಬ ಮನೆಯಲ್ಲೇ ಜೋಡಿಸಿದ ಯಂತ್ರ ಅದು. ಜೋಡಿಸಿ ಹದಿನೈದು ದಿನವಾಗಿತ್ತು. ಒಂದು ದಿನವೂ ಮಾತಾಡಿರಲಿಲ್ಲ.

ಕಣ್ಣಿದ್ದವರ ಮನೆಯಲ್ಲಿ ಕಂಪ್ಯೂಟರ್ ಸದ್ದು ಮಾಡದಿದ್ದರೆ ಹಾಡು ಕೇಳಿಸುವುದಿಲ್ಲ, ಅಷ್ಟೆ. ಈ ಹುಡುಗನಿಗೆ ಸದ್ದೇ ಪರದೆ. ಆಸ್ಟ್ರೇಲಿಯಾದ ಮೈಕೆಲ್ ಕರನ್ ಎಂಬ ದೃಷ್ಟಿಹೀನ ಯುವಕ 2006ರಲ್ಲಿ ಬರೆಯತೊಡಗಿದ ಎನ್‌ವಿಡಿಎ ಎಂಬ ತಂತ್ರಾಂಶ ಇದೆ. ಪರದೆಯ ಮೇಲಿನ ಅಕ್ಷರಗಳನ್ನು ಅದು ಗಟ್ಟಿಯಾಗಿ ಓದಿ ಹೇಳುತ್ತದೆ. ದುಡ್ಡು ಕೊಡಬೇಕಾಗಿಲ್ಲ. ಅದರ ಜೊತೆಗೇ ಬರುವ ಇ-ಸ್ಪೀಕ್ ಎಂಬ ಕೃತಕ ಧ್ವನಿಗೆ ಕನ್ನಡವೂ ಬರುತ್ತದೆ. ಕಾಲೇಜಿನ ಪ್ರಯೋಗಾಲಯದಲ್ಲಿ ಅದನ್ನು ಕಲಿತು ಬಂದ ಹುಡುಗನಿಗೆ ಮನೆಯ ಕಂಪ್ಯೂಟರ್ ಬರೀ ಫ್ಯಾನ್ ತಿರುಗುವ ತಗಡಿನ ಪೆಟ್ಟಿಗೆಯಾಗಿತ್ತು. ಬಲ್ಲವರೊಬ್ಬರು ಬಂದು ನೋಡಿ, ಮದರ್‌ಬೋರ್ಡ್ ಹೋಗಿದೆ, ಬೇರೆ ಹಾಕಿಸಿ ಎಂದು ಹೇಳಿ ಹೋಗಿದ್ದರು. ಭಾವ ಆಗಲೇ ದುಡ್ಡಿನ ಲೆಕ್ಕ ಹಾಕುತ್ತಿದ್ದರು.

ಹೊಸದಾಗಿ ಜೋಡಿಸಿದ ಕಂಪ್ಯೂಟರಿನಲ್ಲಿ ಭಾಗವೇ ಕೆಟ್ಟಿರುವುದು ಅಪರೂಪ. ಕೆಡುಕು ಇರುವುದು ಹೆಚ್ಚಾಗಿ ಒಂದು ಭಾಗ ಇನ್ನೊಂದಕ್ಕೆ ಸೇರುವ ಸಂದಿನಲ್ಲಿ. ಹೀಗೇಕೆ ಎಂದು ತಿಳಿಯಬೇಕಾದರೆ ನಾಲ್ಕು ದಶಕ ಹಿಂದಕ್ಕೆ ಹೋಗಬೇಕು.

ಐಬಿಎಂ ಕಂಪನಿ ತನ್ನ ಪಿಸಿಯನ್ನು ಹೊರತಂದದ್ದು 1981ರ ಆಗಸ್ಟ್ 12ರಂದು. ಬೇಗ ಮಾರುಕಟ್ಟೆಗೆ ಬರುವ ಅವಸರದಲ್ಲಿ ಅದು ಬೇರೆ ಬೇರೆ ಕಂಪನಿಗಳ ಭಾಗಗಳನ್ನೇ ಕೂಡಿಸಿತು. ಒಳಗೆ ಐದು ಸಾಲು ಗೂಡುಗಳನ್ನಿಟ್ಟು, ಬೇಕಾದ ಕಾರ್ಡನ್ನು ಬೇಕಾದವರು ಸಿಕ್ಕಿಸಿಕೊಳ್ಳಲಿ ಎಂದಿತು. ಅಷ್ಟೇ ಅಲ್ಲ, ವಿದ್ಯುತ್ ಮಂಡಲದ ನಕ್ಷೆಗಳನ್ನೂ ಪುಸ್ತಕ ಮಾಡಿ ಮಾರಿತು. ಅದನ್ನು ನೋಡಿಕೊಂಡು ಕಾರ್ಡು ಮಾಡುವವರು ಹುಟ್ಟಿಕೊಂಡರು, ಬಹುಬೇಗ ಇಡೀ ಪಿಸಿಯನ್ನೇ ಹೋಲುವ ಯಂತ್ರ ಮಾಡುವವರೂ ಹುಟ್ಟಿಕೊಂಡರು. ತೊಂಬತ್ತರ ದಶಕದಲ್ಲಿ ನಮ್ಮಲ್ಲಿ ‘ಅಸೆಂಬಲ್ಡ್’ ಎಂಬ ಮಾತು ಮನೆಮಾತಾದದ್ದು ಇದರಿಂದಲೇ. ಎತ್ತಿನ ಗಾಡಿಯಲ್ಲಿ ಗಾಲಿ, ಅಚ್ಚು, ನೊಗ ಎಲ್ಲವನ್ನೂ ಒಬ್ಬನೇ ಬಡಗಿ ಒಂದಕ್ಕೊಂದು ಹೊಂದುವಂತೆ ಕೆತ್ತಿರುತ್ತಾನೆ. ಅಸೆಂಬಲ್ಡ್ ಕಂಪ್ಯೂಟರಿನ ಭಾಗಗಳೋ ಒಂದರ ಮುಖ ಒಂದು ನೋಡದೆ ಬೇರೆ ಬೇರೆ ದೇಶಗಳಲ್ಲಿ ಹುಟ್ಟಿದಂಥವು. ಅಗ್ಗವಾಗಿರುವುದೂ ಅದಕ್ಕೇ, ತಕರಾರು ಬರುವುದೂ ಅದಕ್ಕೇ.

ಸದ್ದಿನ ತಕರಾರಿಗೆ ಇನ್ನೂ ಒಂದು ಕಾರಣ ಇದೆ. ಮೂಲ ಪಿಸಿ ಕಚೇರಿಯ ಯಂತ್ರ. ಅದಕ್ಕೆ ಕಂಠ ಕೊಡುವ ಯೋಚನೆ ಯಾರಿಗೂ ಇರಲಿಲ್ಲ. ‘ಬೀಪ್’ ಎಂದು ಎಚ್ಚರಿಸಲು ಒಂದು ಪುಟ್ಟ ಸ್ಪೀಕರ್ ಇತ್ತು, ಅಷ್ಟೆ. ಸಂಗೀತ ಆಮೇಲೆ ಹೊರಗಿನಿಂದ ಬಂದ ನೆಂಟ. 1987ರಲ್ಲಿ ಕೆನಡಾದ ಆಡ್‌ಲಿಬ್ ಕಂಪನಿ ಯಮಾಹಾದ ಚಿಪ್ಪು ಕೂರಿಸಿದ ಕಾರ್ಡು ತಂದಿತು. ಎರಡು ವರ್ಷಕ್ಕೆ, 1989ರಲ್ಲಿ, ಸಿಂಗಪುರದ ಸಿಮ್ ವಾಂಗ್ ಹೂ ‘ಸೌಂಡ್ ಬ್ಲಾಸ್ಟರ್’ ತಂದರು. ಅದು ಸಂಗೀತದ ಜೊತೆಗೆ ಮನುಷ್ಯರ ಮಾತನ್ನೂ ನುಡಿಸುತ್ತಿತ್ತು. 2023ರ ಜನವರಿಯಲ್ಲಿ ತೀರಿಕೊಂಡ ಈ ಮನುಷ್ಯ ತನ್ನ ಕ್ರಿಯೇಟಿವ್ ಕಂಪನಿಯನ್ನು 1981ರಲ್ಲಿ ಶುರುಮಾಡಿದ್ದು ಕಂಪ್ಯೂಟರ್ ರಿಪೇರಿ ಅಂಗಡಿಯಾಗಿ. 1986ರಲ್ಲಿ ಚೀನಿ ಭಾಷೆ ಮಾತಾಡುವ ಕಂಪ್ಯೂಟರೊಂದನ್ನು ಮಾಡಿ ಕೈಸುಟ್ಟುಕೊಂಡಿದ್ದರು. ಕಂಪ್ಯೂಟರ್ ತನ್ನ ಭಾಷೆಯಲ್ಲಿ ಮಾತಾಡಲಿ ಎಂಬ ಆಸೆ ಅಂತರಘಟ್ಟೆ ಕಡೆಯ ಹುಡುಗನಿಗೆ ಮಾತ್ರ ಇದ್ದದ್ದಲ್ಲ.

ಆ ಕಾಲದಲ್ಲಿ ಸೌಂಡ್ ಕಾರ್ಡು ಹಾಕಿದವರಿಗೆ ‘ಐಆರ್‌ಕ್ಯು’ ಎಂಬ ಮೂರಕ್ಷರ ಮರೆತಿರಲಾರದು. ಕಾರ್ಡಿಗೆ ಪ್ರೊಸೆಸರಿನ ಗಮನ ಬೇಕಾದಾಗ ಅದು ಒಂದು ಗಂಟೆ ಬಾರಿಸಬೇಕು. ಮೂಲ ಪಿಸಿಯಲ್ಲಿ ಅಂಥ ಗಂಟೆಗಳಿದ್ದದ್ದು ಎಂಟೇ, ಸೊನ್ನೆಯಿಂದ ಏಳರವರೆಗೆ. ಸೊನ್ನೆ ಗಡಿಯಾರದ್ದು, ಒಂದು ಕೀಲಿಮಣೆಯದ್ದು, ಆರು ಫ್ಲಾಪಿಯದ್ದು, ಏಳು ಪ್ರಿಂಟರಿನದ್ದು. ಮೊದಮೊದಲ ಸೌಂಡ್ ಬ್ಲಾಸ್ಟರುಗಳೂ ಕಾರ್ಖಾನೆಯಿಂದ ಏಳನೆಯ ಗಂಟೆ ಹಿಡಿದೇ ಬರುತ್ತಿದ್ದವು! ಪ್ರಿಂಟರೂ ಕಾರ್ಡೂ ಒಂದೇ ಗಂಟೆಗೆ ಕೈಹಾಕಿದರೆ ಮಾತಿನ ಮೊದಲ ತುಣುಕು ಕೇಳಿಸಿ ನಿಲ್ಲುವುದು, ಇಲ್ಲವೆ ಅದೇ ತುಣುಕು ಮತ್ತೆ ಮತ್ತೆ ತೊದಲುವುದು ಸಾಮಾನ್ಯವಾಗಿತ್ತು. ಕಾರ್ಡೂ ಸರಿ, ಪ್ರಿಂಟರೂ ಸರಿ. ಕಾರ್ಡಿನ ಮೇಲಿನ ಸಣ್ಣ ಜಂಪರನ್ನು ಕಿತ್ತು ಪಕ್ಕದ ಕಡ್ಡಿಗೆ ಹಾಕಿ ಐದನೆಯ ಗಂಟೆ ಕೊಟ್ಟರೆ ಎಲ್ಲ ಸುಸೂತ್ರ. ಈ ನಂಬರುಗಳನ್ನು ಯಂತ್ರ ತಾನೇ ಹಂಚಿಕೊಳ್ಳುವ ವ್ಯವಸ್ಥೆ 1995ರ ವಿಂಡೋಸ್‌ನೊಂದಿಗೆ ಮನೆಮನೆಗೆ ಬಂತು.

1997ರ ಸುಮಾರಿಗೆ ಸೌಂಡ್ ಕಾರ್ಡು ಮದರ್‌ಬೋರ್ಡಿನೊಳಗೇ ಅಡಗತೊಡಗಿತು. ಆಗಲೂ ತಕರಾರು ಮುಗಿಯಲಿಲ್ಲ. ಆ ತಲೆಮಾರಿನ ಬೋರ್ಡುಗಳಲ್ಲಿ ಮುಂದಿನ ಹೆಡ್‌ಫೋನ್ ತೂತಿಗೆ ಹೋಗುವ ಕಡ್ಡಿಸಾಲಿನ ಮೇಲೆ ಎರಡು ಪುಟ್ಟ ಪ್ಲಾಸ್ಟಿಕ್ ಟೋಪಿಗಳಿರುತ್ತಿದ್ದವು. ಯಾತಕ್ಕೋ ಏನೋ ಎಂದು ಅವನ್ನು ಕಿತ್ತಿಟ್ಟರೆ ಹಿಂದಿನ ಸ್ಪೀಕರ್ ಮೂಕವಾಗುತ್ತಿತ್ತು. ಕಳೆದುಹೋದ ಎರಡು ಟೋಪಿಗಾಗಿ ಬೋರ್ಡನ್ನೇ ಬದಲಿಸಿದವರನ್ನು ನಾನು ಕಂಡಿದ್ದೇನೆ.

ಇಷ್ಟೆಲ್ಲ ಬಲ್ಲ ನಾನು ಅಕ್ಕನ ಮನೆಯಲ್ಲಿ ಮಾಡಿದ ಮೊದಲ ಕೆಲಸವೇ ತಪ್ಪು. ಹೊರಗಿನಿಂದ ಒಳಗೆ ಹೋಗಬೇಕಾದವನು ನೇರ ಒಳಗೇ ಕೈಹಾಕಿದೆ. ಪೆಟ್ಟಿಗೆ ಬಿಚ್ಚಿ, ಎಲ್ಲವನ್ನೂ ಕಿತ್ತು ಮತ್ತೆ ಕೂರಿಸಿದೆ. ಸ್ವಿಚ್ ಹಾಕಿದರೆ ಮೊದಲು ಬರುತ್ತಿದ್ದ ಚಿತ್ರವೂ ಮಾಯ! ಅಕ್ಕ ಬಾಗಿಲಲ್ಲಿ ನಿಂತು, “ಇದ್ದದ್ದನ್ನೂ ಕೆಡಿಸಿದೆಯೇನೋ?” ಎಂದಳು. ಗೋಡೆಗೊರಗಿ ಕೂತಿದ್ದ ಹುಡುಗ ಮಾತ್ರ, “ಮಾವ, ಫ್ಯಾನು ಒಂದೇ ಸಮ ತಿರುಗ್ತಿಲ್ಲ. ತಿರುಗಿ, ನಿಂತು, ಮತ್ತೆ ಶುರುವಾಗ್ತಾ ಇದೆ ನೋಡಿ” ಎಂದ. ಯಂತ್ರ ಪ್ರತಿಸಲ ಏಳಲು ಹೋಗಿ ಬೀಳುತ್ತಿತ್ತು. ಹೊಸದಾಗಿ ಕೈಯಾಡಿಸಿದ ಯಂತ್ರ ಹೀಗೆ ಮಾಡಿದರೆ ಮೊದಲು ನೋಡಬೇಕಾದದ್ದು ಮೆಮೊರಿಯ ಪಟ್ಟಿಯನ್ನು. ಒಂದು ತುದಿ ಪೂರಾ ಕೂತಿರಲಿಲ್ಲ. ‘ಟಕ್’ ಎನ್ನುವವರೆಗೆ ಒತ್ತಿದೆ, ಚಿತ್ರ ಬಂತು.

ಹಿಂದಿನ ಕಾಲದ ಪೆಟ್ಟಿಗೆಗಳಲ್ಲಾದರೆ ಇದನ್ನು ಯಂತ್ರವೇ ಬಾಯಿಬಿಟ್ಟು ಹೇಳುತ್ತಿತ್ತು. ಒಂದು ಸಣ್ಣ ಬೀಪ್ ಎಂದರೆ ಎಲ್ಲ ಕ್ಷೇಮ. ಒಂದು ದೊಡ್ಡದು ಎರಡು ಸಣ್ಣದು ಎಂದರೆ ಅನೇಕ ಬೋರ್ಡುಗಳಲ್ಲಿ ಚಿತ್ರದ ಕಾರ್ಡಿನ ದೂರು. ಈಗಿನ ಕ್ಯಾಬಿನೆಟ್ಟುಗಳಲ್ಲಿ ಆ ಪುಟ್ಟ ಸ್ಪೀಕರೇ ಇರುವುದಿಲ್ಲ, ಬದಲಿಗೆ ಬೋರ್ಡಿನ ಮೇಲೆ ಬಣ್ಣದ ದೀಪ ಉರಿಯುತ್ತದೆ. ಕಣ್ಣು ಕಾಣದವನಿಗೆ ದೀಪ ಕಟ್ಟಿಕೊಂಡು ಏನು ಪ್ರಯೋಜನ? ಬೋರ್ಡಿನಲ್ಲಿ ಸ್ಪೀಕರಿನ ನಾಲ್ಕು ಕಡ್ಡಿಗಳು ಸಾಮಾನ್ಯವಾಗಿ ಈಗಲೂ ಇರುತ್ತವೆ. ಬಟನ್ ಗಾತ್ರದ ಬಜರ್ ಒಂದನ್ನು ತಂದು ಸಿಕ್ಕಿಸಬಹುದು. ದೊಡ್ಡ ದುಡ್ಡಿನ ವಸ್ತುವಲ್ಲ.

ಇನ್ನು ಮಾತಿನ ವಿಷಯ. ಹಿಂದಿನ ಮೂರು ತೂತುಗಳಲ್ಲಿ ಸ್ಪೀಕರಿನ ಪಿನ್ನು ಹಸಿರಿನಲ್ಲಿ ಇರಬೇಕು. ಗುಲಾಬಿ ಮೈಕಿನದು, ತಿಳಿನೀಲಿ ಹೊರಗಿನಿಂದ ಸದ್ದು ಒಳಬರುವ ದಾರಿ. ಪಿನ್ನು ಹಸಿರಿನಲ್ಲೇ ಇತ್ತು. ಸ್ಪೀಕರನ್ನು ಭಾವನ ಮೊಬೈಲಿಗೆ ಹಾಕಿದರೆ ಹಾಡಿತು, ಅಂದರೆ ಅದೂ ಸರಿ. ಹಾಗಾದರೆ ಸದ್ದು ಹೋಗುತ್ತಿದ್ದದ್ದು ಎಲ್ಲಿಗೆ? ಮಾನಿಟರಿಗೆ! ಈಗಿನ ಎಚ್‌ಡಿಎಂಐ ತಂತಿ ಚಿತ್ರದ ಜೊತೆ ಸದ್ದನ್ನೂ ಒಯ್ಯುತ್ತದೆ. ಹೊಸದಾಗಿ ವಿಂಡೋಸ್ ಹಾಕಿದಾಗ ಅದು ಎಷ್ಟೋ ಸಲ ಮಾನಿಟರನ್ನೇ ಸದ್ದಿನ ದಾರಿಯಾಗಿ ಆರಿಸಿಕೊಳ್ಳುತ್ತದೆ. ಆ ಮಾನಿಟರಿನಲ್ಲಿ ಸ್ಪೀಕರೇ ಇರಲಿಲ್ಲ. ಹದಿನೈದು ದಿನದಿಂದ ಕಂಪ್ಯೂಟರ್ ಎಡೆಬಿಡದೆ ಮಾತಾಡುತ್ತಲೇ ಇತ್ತು, ಕಿವುಡು ಪೆಟ್ಟಿಗೆಯ ಮುಂದೆ.

ಕಣ್ಣಿದ್ದವರು ಪರದೆಯ ಮೂಲೆಯ ಸ್ಪೀಕರ್ ಗುರುತು ಒತ್ತಿ ಬೇರೆ ದಾರಿ ಆರಿಸಬಹುದು. ಇಲ್ಲದವರು ಆ ಗುರುತಿಗೆ ತಲುಪಬೇಕಾದರೆ ಮೊದಲು ಧ್ವನಿ ಬೇಕು, ಧ್ವನಿ ಬರಬೇಕಾದರೆ ಆ ಗುರುತಿಗೆ ತಲುಪಬೇಕು! ಇದಕ್ಕೆ ಸುಲಭದ ಉಪಾಯ ಯುಎಸ್‌ಬಿ ಹೆಡ್‌ಫೋನು. ಅದನ್ನು ಚುಚ್ಚಿದ ಕೂಡಲೆ ಸಾಮಾನ್ಯವಾಗಿ ಸದ್ದು ಅದರ ಕಡೆ ಹೊರಳುತ್ತದೆ. ಆಮೇಲೆ ಉಳಿದದ್ದನ್ನು ಕೇಳಿಕೊಂಡೇ ಸರಿಪಡಿಸಬಹುದು. ನಾನು ಹಸಿರು ತೂತಿನ ದಾರಿಗೆ ತಿರುಗಿಸಿದೆ. ಕನ್ನಡ ಮಾತು ಹೊರಬಿತ್ತು. ತಗಡಿನ ಡಬ್ಬದೊಳಗಿನಿಂದ ಮಾತಾಡಿದ ಹಾಗಿರುವ ಧ್ವನಿ. ಹುಡುಗನ ಮುಖ ನೋಡಬೇಕಿತ್ತು.

ಆದರೆ ಮಾತಿನ ಹಿಂದೆಯೇ ಒಂದು ‘ಗುಂಯ್’ ಸದ್ದು. ಸ್ಪೀಕರ್ ಗೊಣಗುವುದಕ್ಕೂ ಬಗೆಗಳಿವೆ. ಮೌಸ್ ಅಲ್ಲಾಡಿಸಿದಾಗ ಕಿರುಗುಟ್ಟಿದರೆ ಅದು ಬೋರ್ಡಿನೊಳಗಿನ ಗಲಾಟೆ ಸೋರುತ್ತಿರುವುದು. ಒಂದೇ ಶ್ರುತಿಯಲ್ಲಿ ತಂಬೂರಿಯಂತೆ ಮೊರೆದರೆ ಅದು ಕರೆಂಟಿನ ಸದ್ದು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಸಲ ಹೊಯ್ದಾಡುವುದರ ಸದ್ದು. ನಮ್ಮದು ಎರಡನೆಯದು. ಹುಡುಗ ಕ್ಯಾಬಿನೆಟ್ ಮೇಲೆ ಕೈಯಿಟ್ಟರೆ ಮೊರೆತ ಏರಿಳಿಯುತ್ತಿತ್ತು. ಆಗಲೇ ಅವನು ಸಹಜವಾಗಿ, “ಇದು ಮುಟ್ಟಿದ್ರೆ ಯಾವಾಗ್ಲೂ ಜುಂ ಅನ್ನುತ್ತೆ ಮಾವ, ಬರಿಗಾಲಲ್ಲಿದ್ರೆ ಇನ್ನೂ ಜಾಸ್ತಿ” ಎಂದದ್ದು.

ನನಗೆ ಕೈಕಾಲು ತಣ್ಣಗಾಯಿತು. ತಡಕಿ ತಡಕಿ ಪೆಟ್ಟಿಗೆಯನ್ನು ಅರಿಯುವ ಹುಡುಗ, ಆ ಪೆಟ್ಟಿಗೆಯ ತಗಡಿನಲ್ಲಿ ಕರೆಂಟು!

ಇದಾಗುವುದು ಹೀಗೆ. ಪವರ್ ಸಪ್ಲೈ ಒಳಗೆ ವಿದ್ಯುತ್ ಗದ್ದಲ ಸೋಸಲು ಎರಡು ಸಣ್ಣ ಕೆಪಾಸಿಟರುಗಳಿರುತ್ತವೆ. ಒಂದು ಫೇಸ್ ತಂತಿಯಿಂದ ಕ್ಯಾಬಿನೆಟ್ಟಿಗೆ, ಇನ್ನೊಂದು ನ್ಯೂಟ್ರಲ್‌ನಿಂದ ಕ್ಯಾಬಿನೆಟ್ಟಿಗೆ. ಅವುಗಳಿಂದ ಹನಿಯುವ ಅಲ್ಪ ವಿದ್ಯುತ್ತು ಮೂರನೆಯ ತಂತಿಯ ಮೂಲಕ ಭೂಮಿಗೆ ಇಳಿದುಹೋಗಬೇಕು. ಆ ಮೂರನೆಯ ತಂತಿ ಎಲ್ಲಿಗೂ ಸೇರಿರದಿದ್ದರೆ ಕ್ಯಾಬಿನೆಟ್ಟು ಎರಡರ ನಟ್ಟನಡುವೆ, ಅಂದರೆ 230ರ ಅರ್ಧ, ಸುಮಾರು 115 ವೋಲ್ಟಿನಲ್ಲಿ ತೇಲುತ್ತದೆ. ಹರಿಯುವ ಪ್ರಮಾಣ ತೀರ ಕಡಿಮೆಯಾದ್ದರಿಂದ ‘ಜುಂ’ ಅಷ್ಟೆ. ಆದರೆ ಎಂದಾದರೂ ಒಳಗೆ ಫೇಸ್ ತಂತಿಯೇ ಕಳಚಿ ತಗಡಿಗೆ ತಾಗಿದರೆ ತಡೆಯಲು ಏನೂ ಇರುವುದಿಲ್ಲ. ಪ್ಲಗ್ಗಿನ ಮೇಲಿನ ಪಿನ್ನು ಉಳಿದೆರಡಕ್ಕಿಂತ ಉದ್ದ, ದಪ್ಪ ಇರುವುದನ್ನು ನೋಡಿರಬಹುದು. ಮೊದಲು ತಾಗಿ ಕೊನೆಗೆ ಬಿಡಲಿ ಎಂದೇ ಹಾಗೆ ಮಾಡಿದ್ದಾರೆ. ನಾವೋ ಎರಡು ಪಿನ್ನಿನ ಅಡಾಪ್ಟರ್ ಹಾಕಿ ಆ ಪಿನ್ನಿನ ಬಾಯಿ ಮುಚ್ಚಿಸುತ್ತೇವೆ.

ಮಾರನೆಯ ದಿನ ಕರೆಸಿದ ಎಲೆಕ್ಟ್ರೀಷಿಯನ್ ಬಲ್ಬು ಹಿಡಿದು ನೋಡಿದರು. ಫೇಸ್‌ಗೂ ನ್ಯೂಟ್ರಲ್‌ಗೂ ಕೊಟ್ಟರೆ ಝಗ್ ಎಂದು ಹತ್ತಿದ ಬಲ್ಬು ಫೇಸ್‌ಗೂ ಅರ್ಥಿಂಗ್‌ಗೂ ಕೊಟ್ಟಾಗ ಮಿಣುಕಲೂ ಇಲ್ಲ. ಅರ್ಥಿಂಗ್ ತೂತಿನಿಂದ ನ್ಯೂಟ್ರಲ್‌ಗೆ ಒಂದು ತುಂಡು ತಂತಿ ಎಳೆದು ಮುಗಿಸಿಬಿಡಲೇ ಎಂದು ಕೇಳಿದರು. ಬೇಡವೇ ಬೇಡ ಎಂದೆ. ಊರ ನ್ಯೂಟ್ರಲ್ ಎಲ್ಲಾದರೂ ಕಡಿದರೆ ಕ್ಯಾಬಿನೆಟ್ಟಿಗೆ ಪೂರಾ 230 ವೋಲ್ಟು ಬಂದು ಕೂರುತ್ತದೆ. ಓದುಗರಲ್ಲಿ ಯಾರ ಮನೆಯಲ್ಲಾದರೂ ಹೀಗೆ ಮಾಡಿದ್ದರೆ ಇವತ್ತೇ ತೆಗೆಸಿ.

ಮನೆಯ ಹಿಂದೆ ಹಳೆಯ ಅರ್ಥಿಂಗ್ ಗುಂಡಿ ಇತ್ತು. ಇದ್ದಿಲು, ಉಪ್ಪು ತುಂಬಿ ಪೈಪು ಹೂತದ್ದು. ಮಣ್ಣು ಒದ್ದೆಯಿದ್ದರೆ ಮಾತ್ರ ವಿದ್ಯುತ್ತನ್ನು ಸರಿಯಾಗಿ ಹೀರುತ್ತದೆ. ಮಳೆ ಕಡಿಮೆ ಬೀಳುವ ಕಡೂರು, ಅಜ್ಜಂಪುರದ ಕಡೆ ಶಿವರಾತ್ರಿ ಕಳೆದರೆ ನೆಲ ಒಣಗಿ ಬಿರಿಯುತ್ತದೆ. ಇಲ್ಲಿ ನೆಲವಷ್ಟೇ ಅಲ್ಲ, ಪೈಪಿನ ತಲೆಯ ತಂತಿಯೂ ತುಕ್ಕು ಹಿಡಿದು ತುಂಡಾಗಿತ್ತು. ಹೊಸ ತಂತಿ ಬಿಗಿದು, ಗುಂಡಿಗೆ ಇದ್ದಿಲು ಉಪ್ಪು ಹಾಕಿ, ನಾಲ್ಕು ಕೊಡ ನೀರು ಸುರಿದು ಮತ್ತೆ ಬಲ್ಬು ಹಿಡಿದರು. ಹತ್ತಿತು. ಒಳಗೆ ಹುಡುಗ ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಸವರಿ, “ಜುಂ ಇಲ್ಲ ಮಾವ” ಎಂದ. ಮೊರೆತವೂ ಅಡಗಿತ್ತು.

ಮದರ್‌ಬೋರ್ಡು ಅದೇ ಇದೆ. ಅಕ್ಕ ಬೇಸಿಗೆಯಲ್ಲಿ ಬೆಳಗ್ಗೆ ತುಳಸಿಗೆ ನೀರು ಹಾಕಿ ಬಂದವಳು ಉಳಿದದ್ದನ್ನು ಅರ್ಥಿಂಗ್ ಗುಂಡಿಗೆ ಸುರಿಯುತ್ತಾಳಂತೆ.